ಚಹಾ ಕುಡಿಸಿದವಳಿಗೆ

ಪೋಲೆಂಡ್ ಗಡಿಯ ಹತ್ತಿರ, ಲಾರಿ ನಿಲ್ದಾಣ
೧೭ ನವೆಂಬರ್ ೨೦೧೯, ಭಾನುವಾರ

ಇಮ್ಕೆಗೆ,

ಮೊಯಿನ್, ನಮ್ಮೂರಿನ ನಮಸ್ಕಾರ. ನಾನು, ಎನ್ನೋ. ಹೇಗಿದ್ದೀಯ?

ಒಂದೂ ಮುಕ್ಕಾಲು ವರ್ಷ ಒಂದು ಸಾಲೂ ಬರೆಯದ ಗಂಡ ಇದ್ದಕ್ಕಿದ್ದ ಹಾಗೆ ಕಾಗದ ಬರೆದರೆ ಯಾರೋ ಸತ್ತರು ಅಂದುಕೊಳ್ಳುತ್ತೀಯ. ಯಾರೂ ಸತ್ತಿಲ್ಲ. ತಡವಾದದ್ದಕ್ಕೆ ಕ್ಷಮೆ ಕೇಳುವುದು ಪದ್ಧತಿ, ಕೇಳಿದ್ದೇನೆ ಎಂದುಕೋ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಅದಾಗುವುದಿಲ್ಲ. ಇಲ್ಲಿ ನಾನೊಬ್ಬನೇ ಮಾತಾಡುವವನು, ನೀನು ಕೇಳುವವಳು. ಆರು ವರ್ಷದ ಮದುವೆಯಲ್ಲಿ ಇದು ಮೊದಲ ಸಲ.

ಇವತ್ತು ಭಾನುವಾರ, ಕಾನೂನಿನ ಪ್ರಕಾರ ಲಾರಿಗಳು ಓಡುವ ಹಾಗಿಲ್ಲ. ಸಾಲಾಗಿ ನಿಂತಿದ್ದೇವೆ. ಪಕ್ಕದ ಲಾರಿಯ ಪೋಲಿಷ್ ಡ್ರೈವರು ಸಣ್ಣ ಒಲೆ ಹೊರಗಿಟ್ಟುಕೊಂಡು ಈರುಳ್ಳಿ ಹುರಿಯುತ್ತಿದ್ದಾನೆ. ನನಗೂ ಒಂದು ತಟ್ಟೆ ಕೊಡುತ್ತಾನಂತೆ. ನನ್ನದು ದೊಡ್ಡ ಲಾರಿ, ಹಿಂದೆ ಇನ್ನೊಂದು ಗಾಡಿ ಕಟ್ಟಿಕೊಂಡದ್ದು. ಹಾಸಿಗೆಯ ಮೇಲೆ ಕಿಟಕಿ ಇದೆ, ಕಾಲು ಚಾಚಿದರೆ ಗೋಡೆ ತಾಗುವುದಿಲ್ಲ. ಹೌದು, ಲೈಸೆನ್ಸ್ ಸಿಕ್ಕಿತು. ಮೇ ತಿಂಗಳಲ್ಲೇ. ನಿನಗೆ ಗೊತ್ತಿರುತ್ತದೆ. ಹಾರ್ಮ್‌ನ ಪೆಟ್ರೋಲ್ ಬಂಕಿಗೆ ತಲುಪದ ಸುದ್ದಿ ನಮ್ಮ ಊರಿನಲ್ಲಿ ಯಾವುದಿದೆ?

ನಿನ್ನ ಬೆನ್ನುನೋವು ಹೇಗಿದೆ? ವೃದ್ಧಾಶ್ರಮದಲ್ಲಿ ಈಗಲೂ ಒಬ್ಬಳೇ ಮುದುಕರನ್ನು ಎತ್ತಿ ಕೂರಿಸುತ್ತೀಯಾ? ಬೇಡ ಅಂದರೆ ನೀನು ಕೇಳುವವಳಲ್ಲ. ನಿನ್ನ ಅಮ್ಮ ನನ್ನನ್ನು ಇನ್ನೂ ಬೈಯುತ್ತಿದ್ದರೆ ಬೈಯಲಿ, ಆ ವಯಸ್ಸಿನಲ್ಲಿ ಒಂದು ಕೆಲಸ ಇರುವುದು ಒಳ್ಳೆಯದು.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಎಲ್ಲ ಗೊತ್ತು, ಆದರೂ ಮೊದಲಿನಿಂದ ಹೇಳುತ್ತೇನೆ. ಯಾಕೆಂದರೆ ನನ್ನ ಬಾಯಿಂದ ನೀನು ಇದನ್ನು ಪೂರ್ತಿಯಾಗಿ ಕೇಳಿಯೇ ಇಲ್ಲ. ನಮ್ಮ ಅಡುಗೆಮನೆಯಲ್ಲಿ ನಾನು ಏನು ಹೇಳಲು ಹೊರಟರೂ ನೀನು, "ಆಯ್ತು, ಮೊದ್ಲು ಟೀ ಕುಡಿ, ಆಮೇಲೆ ಹೇಳು" ಎನ್ನುತ್ತಿದ್ದೆ. ಕುಡಿದ ಮೇಲೆ ಹೇಳುವುದು ಏನೂ ಉಳಿಯುತ್ತಿರಲಿಲ್ಲ.

ನಾನು ಲೈಸೆನ್ಸ್ ಕಳೆದುಕೊಂಡದ್ದು ಸೈಕಲ್ ಮೇಲೆ. ಇಲ್ಲಿನ ಡ್ರೈವರುಗಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಊರಿನ ಬಂದೂಕು ಕ್ಲಬ್ಬಿನ ಹಬ್ಬದ ದಿನ ಚೆನ್ನಾಗಿ ಕುಡಿದ ಮೇಲೆ ನಾನೇ, ಯಾರೂ ಕೇಳದೆ, ಕಾರಿನ ಕೀಲಿ ನಿನ್ನ ಕೈಗೆ ಕೊಟ್ಟೆ. ಅಂಥ ಒಳ್ಳೆಯ ಕೆಲಸವನ್ನು ಜೀವನದಲ್ಲಿ ಮೊದಲ ಬಾರಿ ಮಾಡಿದ್ದೆ. "ಸೈಕಲ್ ತಗೊಂಡು ಮನೆಗೆ ಹೋಗು. ಕಾಲುವೆಗೆ ಬಿದ್ರೆ ಎದ್ದು ಬಾ" ಎಂದು ನೀನು ನಗಾಡಿದೆ. ತಿರುವಿನಲ್ಲಿ ಪೊಲೀಸ್ ನಿಂತಿದ್ದ.

"ಕಾರು ಅಲ್ಲೇ ಬಿಟ್ಟು ಬಂದಿದ್ದೀನಿ ಸಾರ್" ಅಂದೆ.

"ಒಳ್ಳೇದು ಮಾಡಿದೆ. ಈಗ ಇದಕ್ಕೆ ಊದು."

ಊದಿದೆ. ಅವನು ಯಂತ್ರವನ್ನು ತಟ್ಟಿ ನೋಡಿದ. ಮತ್ತೆ ಊದಿಸಿದ. "ಇಷ್ಟು ಕುಡಿದವನು ನೆಲದ ಮೇಲೆ ಮಲಗಿರಬೇಕಿತ್ತು. ನೀನು ಸೈಕಲ್ ಮೇಲೆ ನೆಟ್ಟಗೆ ಕೂತಿದ್ದೀಯಲ್ಲಪ್ಪಾ" ಅಂದ. ನಾನು ಹೊಗಳಿಕೆ ಎಂದುಕೊಂಡೆ. ಅದೇ ನನ್ನ ಮೇಲಿನ ಆರೋಪ ಎಂದು ಆಮೇಲೆ ತಿಳಿಯಿತು. ಬಿದ್ದಿದ್ದರೆ ಬಚಾವಾಗುತ್ತಿದ್ದೆ. ಬೀಳದೆ ಇದ್ದದ್ದರಿಂದ ಇವನು ಹಳೆಯ ಕುಡುಕ, ಇವನ ಕೈಗೆ ಲಾರಿ ಕೊಡಬಾರದು ಎಂದಾಯಿತು. ತಪ್ಪೇನಲ್ಲ. ಹಳೆಯ ಕುಡುಕನೇ ಆಗಿದ್ದೆ.

ಆಮೇಲಿನದಕ್ಕೆ ನಿನಗೆ ನಾನು ಋಣಿ, ಅದನ್ನು ಮುಚ್ಚಿಡುವುದಿಲ್ಲ. ಗ್ಯಾರೇಜಿನಲ್ಲಿ, ಕೋಳಿಗೂಡಿನಲ್ಲಿ, ರಬ್ಬರ್ ಬೂಟಿನೊಳಗೆ ಅಡಗಿಸಿಟ್ಟ ಬಾಟಲಿಗಳನ್ನೆಲ್ಲ ನೀನು ಹುಡುಕಿ ತಂದು ಸಿಂಕಿಗೆ ಸುರಿದೆ. ಆಸ್ಪತ್ರೆಗೆ ಸೇರಿಸಿದೆ. ನಾನು ನಡುಗುತ್ತಾ ಹಾಸಿಗೆ ಒದ್ದೆ ಮಾಡಿಕೊಂಡಾಗ ನರ್ಸನ್ನು ಕರೆಯದೆ ನೀನೇ ಬದಲಾಯಿಸಿದೆ. ಅಲ್ಲಿಂದ ಹೊಸ ಮನುಷ್ಯನಾಗಿ ಬಂದೆ. ಮರದ ಅಡ್ಡೆಯಲ್ಲಿ ಹಲಗೆ ಹೊರುವ ಕೆಲಸ, ಸಂಜೆ ಮನೆ, ಪಾತ್ರೆ ಒರೆಸುವುದು, ನಿನ್ನ ಜೊತೆ ಕೂತು ಟಿವಿ ನೋಡುವುದು. ನನಗೆ ಆ ದಿನಗಳೆಲ್ಲ ಒಂದೇ ದಿನದ ಹಾಗೆ ಕಾಣುತ್ತಿದ್ದವು. ನಿನಗೆ ಹಾಗಿರಲಿಲ್ಲ. ನೀನು ಹಾಡಿಕೊಂಡು ಓಡಾಡುತ್ತಿದ್ದೆ.

ನಾನು ಕಾಯುತ್ತಿದ್ದದ್ದು ಒಂದಕ್ಕೇ. ಒಂದು ವರ್ಷ ಒಂದು ತೊಟ್ಟೂ ಕುಡಿದಿಲ್ಲ ಎಂದು ತೋರಿಸಬೇಕು, ಆಮೇಲೆ ಲೈಸೆನ್ಸಿಗೆ ಅರ್ಜಿ. ಪರೀಕ್ಷೆ ಮಾಡುವವರು ಯಾವಾಗ ಬೇಕಾದರೂ ಫೋನ್ ಮಾಡುತ್ತಾರೆ, ಮರುದಿನ ಓಲ್ಡನ್‌ಬುರ್ಗ್‌ಗೆ ಹೋಗಿ ಅವರ ಕಣ್ಣೆದುರೇ ಮೂತ್ರ ಕೊಡಬೇಕು. ಹೋಗದಿದ್ದರೆ ಇಡೀ ವರ್ಷ ಮೊದಲಿನಿಂದ. ಮರದ ಅಡ್ಡೆಯಲ್ಲಿ ಫೋನಿನ ಸಿಗ್ನಲ್ ಬರುವುದಿಲ್ಲ ಎಂದು ನಾನು ನಿನ್ನ ನಂಬರ್ ಕೊಟ್ಟೆ. ಹೆಂಡತಿಯ ನಂಬರ್ ಕೊಡದೆ ಇನ್ನಾರದು ಕೊಡಲಿ? ಕರೆದುಕೊಂಡು ಹೋಗುತ್ತಿದ್ದವಳೂ ನೀನೇ.

ಅಕ್ಟೋಬರಿನಲ್ಲಿ ಏನಾಯಿತೆಂದು ನೆನಪಿದೆಯಲ್ಲ? ಆ ದಿನ ನಾನು ಮಾಮೂಲಿನ ಹಾಗೆ ಬೆಳಿಗ್ಗೆಯಿಂದ ಚಹಾ ಕುಡಿದು ಹೋಗಿದ್ದೆ. ಬೀರು ಬಿಟ್ಟ ಮೇಲೆ ನನ್ನ ಹೊಟ್ಟೆಗೆ ಹೋಗುತ್ತಿದ್ದದ್ದು ಅದೊಂದೇ. ಅಲ್ಲಿನ ಬೋಲೆನ್ ಮೇಡಂ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಏನ್ರೀ ಇದು, ನಲ್ಲಿ ನೀರು ತಂದ್ರಾ?" ಅಂದಳು.

"ಟೀ ಜಾಸ್ತಿ ಆಯ್ತು ಮೇಡಂ. ನಾವು ಫ್ರೀಸ್‌ಲ್ಯಾಂಡಿನವರು, ಟೀ ಬಿಟ್ಟು ಬದುಕೋ ಜನ ಅಲ್ಲ."

"ನೀವು ಎಲ್ಲಿಯವರಾದ್ರೂ ಆಗಿ. ಇಷ್ಟು ತೆಳ್ಳಗಿದ್ರೆ ಇದರಲ್ಲಿ ಹೆಂಡ ಇತ್ತೋ ಇಲ್ವೋ ಗೊತ್ತಾಗಲ್ಲ. ಬಚ್ಚಿಡೋರು ಮಾಡೋ ಕೆಲಸ ಇದು. ಒಂದ್ಸಲ ಮಾಫಿ. ಇನ್ನೊಂದ್ಸಲ ಹೀಗಾದ್ರೆ ವರ್ಷ ಪೂರ್ತಿ ಹೋಯ್ತು. ಬರೋ ದಿನ ಬೆಳಿಗ್ಗೆ ಬಾಯಿ ಒಣಗಿಸಿಕೊಂಡು ಬನ್ನಿ."

ಕಾರಿಗೆ ಬಂದು ನಿನಗೆ ಇದನ್ನು ಹೇಳಿದೆ. ನೀನು ನಕ್ಕು ನಕ್ಕು ಸ್ಟಿಯರಿಂಗ್ ಮೇಲೆ ತಲೆಯಿಟ್ಟೆ. "ಜಗತ್ತಿನಲ್ಲಿ ಟೀ ಕುಡಿದು ಲೈಸೆನ್ಸ್ ಕಳ್ಕೊಳ್ಳೋ ಜನ ಅಂದ್ರೆ ನಾವೇ ಕಣೋ" ಅಂದೆ. ನಾನೂ ನಕ್ಕೆ. ಮನೆ ತಲುಪುವವರೆಗೂ ನಗುತ್ತಿದ್ದೆವು.

ಜನವರಿಯಲ್ಲಿ, ಊರೆಲ್ಲ ದಾರಿಯುದ್ದಕ್ಕೂ ಕುಡಿಯುತ್ತಾ ನಡೆದು ಕೊನೆಗೆ ಸೊಪ್ಪಿನೂಟ ಮಾಡುವ ನಡಿಗೆ ಬಂತು. ಎಲ್ಲರ ಕೊರಳಲ್ಲೂ ದಾರಕ್ಕೆ ಕಟ್ಟಿದ ಪುಟ್ಟ ಗ್ಲಾಸು, ಕೈಗಾಡಿ ತುಂಬ ಬಾಟಲಿ. ನನ್ನ ಕೊರಳಿಗೆ ಹಾರ್ಮ್ ಮಗುವಿನ ಹಾಲಿನ ಬಾಟಲಿ ಕಟ್ಟಿದ. "ಎತ್ರೋ ಮಗೂನ, ನಡೆದು ಸುಸ್ತಾಗಿದೆ" ಎಂದು ನಾಲ್ಕು ಜನ ಸೇರಿ ನನ್ನನ್ನು ಎತ್ತಿ ಕೈಗಾಡಿಯಲ್ಲಿ ಬಾಟಲಿಗಳ ನಡುವೆ ಕೂರಿಸಿದರು. ಕಾಲು ಹೊರಗೆ ನೇತಾಡುತ್ತಿತ್ತು. ಸುತ್ತ ಕುಡಿತದ ವಾಸನೆ, ತೊಡೆಗೆ ತಾಗುವ ತಣ್ಣನೆಯ ಗಾಜು. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಗಾಡಿಯ ಹಿಡಿ ಹಿಡಿದು ಎಳೆದವಳು ನೀನು. "ಅಳಬೇಡ ಪುಟ್ಟಾ, ಮನೆ ಬಂತು" ಎಂದು ನಿನ್ನ ಕರ್ಚೀಫಿನಿಂದ ನನ್ನ ಬಾಯಿ ಒರೆಸಿದೆ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಅವರು ನಗುತ್ತಾರೆಂದು ನೀನೂ ನಗುತ್ತಿದ್ದೀಯ ಎಂದೇ ನಾನು ತಿಳಿದಿದ್ದೆ. ನಿನ್ನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಫೆಬ್ರವರಿ. ಉಳಿದದ್ದು ಒಂದೇ ಪರೀಕ್ಷೆ. ಹಿಮ ಬಿದ್ದು ಮರದ ಅಡ್ಡೆಗೆ ರಜೆ. ನೀನೂ ಆ ದಿನ ರಜೆ ಹಾಕಿದ್ದೆ, ಯಾಕೆಂದು ನಾನು ಕೇಳಲಿಲ್ಲ. ಒಣದ್ರಾಕ್ಷಿಯ ಬ್ರೆಡ್ಡು, ಬೆಣ್ಣೆ, ಮದುವೆಗೆ ಉಡುಗೊರೆಯಾಗಿ ಬಂದ ಗುಲಾಬಿ ಹೂವಿನ ಕಪ್‌ಗಳು. ನೀನು ಕಲ್ಲುಸಕ್ಕರೆ ಹಾಕಿ, ಚಹಾ ಸುರಿದು, ಕೆನೆ ಬಿಟ್ಟು ಕೊಟ್ಟೆ. ಮೂರು ಕಪ್ ಆದ ಮೇಲೆ ಎದ್ದು ಹೊಸದಾಗಿ ಮಾಡಿದೆ.

"ಸಾಕು ಕಣೇ."

"ಏನು ಸಾಕು? ರಜೆ ದಿನ, ಹೊರಗೆ ಹಿಮ. ಇನ್ನೆಲ್ಲಿಗೆ ಹೋಗ್ಬೇಕು ನೀನು? ಕುಡಿ. ಇದೊಂದು ಕಪ್."

ನಿನಗೆ ಬೇಡ ಎನ್ನುವುದು ಸುಲಭವಲ್ಲ. ಬಾಯಿ ತೆರೆಯಲು ಒಪ್ಪದ ಮುದುಕಿಯರಿಗೆ ಸೂಪು ಕುಡಿಸುವುದು ನಿನ್ನ ಹೊಟ್ಟೆಪಾಡು. ಒಂದು ಗುಟುಕು ಅಪ್ಪನಿಗೆ, ಒಂದು ಗುಟುಕು ಅಮ್ಮನಿಗೆ ಎಂದು ತೊಂಬತ್ತರ ಹಲ್ಲಿಲ್ಲದವರ ಹತ್ತಿರವೂ ಬಟ್ಟಲು ಖಾಲಿ ಮಾಡಿಸುತ್ತೀಯ. ನಾನು ಎಷ್ಟರವನು? ನೀನು ನನ್ನ ತಲೆಗೂದಲಲ್ಲಿ ಬೆರಳಾಡಿಸುತ್ತಾ ಸುರಿದೆ, ನಾನು ಕುಡಿದೆ. ಸುಖವಾಗಿತ್ತು, ಇಮ್ಕೆ. ಇದನ್ನು ಬರೆಯುವಾಗಲೂ ಬಾಯಿಯಲ್ಲಿ ಆ ಕೆನೆಯ ರುಚಿ ಬರುತ್ತದೆ, ಉಗುಳಬೇಕು ಅನ್ನಿಸುತ್ತದೆ.

ಮೂರನೆಯ ಪಾತ್ರೆ ಮುಗಿದ ಮೇಲೆ ನೀನು ಗಡಿಯಾರ ನೋಡಿ ಹಣೆ ಬಡಿದುಕೊಂಡೆ. "ಅಯ್ಯೋ ದೇವರೇ! ಎನ್ನೋ! ನಿನ್ನೆ ಅವರು ಫೋನ್ ಮಾಡಿದ್ರು. ಮರೆತೇಬಿಟ್ಟೆ. ಇವತ್ತೇ ಹೋಗ್ಬೇಕು, ಏಳು, ಏಳು!"

ನಾನು ಕಪ್ ಪಕ್ಕಕ್ಕೆ ಸರಿಸಿ ಎದ್ದೆ. "ಇಷ್ಟು ಟೀ ಕುಡಿದಿದ್ದೀನಲ್ಲೇ!"

"ಬೇಗ ಹೋಗಿ ಎರಡು ಸಲ ಹೊಯ್ದು ಬಾ, ಸರಿಹೋಗುತ್ತೆ. ಏನಾಗಲ್ಲ. ನಾನಿದ್ದೀನಲ್ಲ."

ಹಿಮದ ರಸ್ತೆಯಲ್ಲಿ ನೀನು ಕಾರು ಓಡಿಸಿದ ರೀತಿ ನೋಡಿ, ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ. ಅಲ್ಲಿ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು ಬೆವರು ತಂದುಕೊಂಡೆ. ಮುಚ್ಚುವ ಹೊತ್ತಾಗಿತ್ತು. ಬೋಲೆನ್ ಮೇಡಂ ಲೋಟ ತೆಗೆದುಕೊಂಡು ಬೆಳಕಿಗೆ ಹಿಡಿಯಲೂ ಇಲ್ಲ. "ಹೋಗಿ ಬನ್ನಿ" ಅಂದಳು, ಅಷ್ಟೆ. ಆ ದನಿಯಲ್ಲೇ ಗೊತ್ತಾಯಿತು.

ಫಲಿತಾಂಶದ ಫೋನೂ ನಿನಗೇ ಬಂತು. ನಾನು ಪಾತ್ರೆ ಒರೆಸುತ್ತಿದ್ದಾಗ ಹಿಂದಿನಿಂದ ಬಂದು ಕತ್ತಿನ ಮೇಲೆ ಕೈಯಿಟ್ಟು ಹೇಳಿದೆ. "ಹೋಗ್ಲಿ ಬಿಡು. ಇನ್ನೊಂದು ವರ್ಷ ತಾನೇ? ಇಷ್ಟು ಕಷ್ಟಪಟ್ಟವನಿಗೆ ಇದೇನು ಮಹಾ." ನಾನು ನಿನ್ನ ಮಡಿಲಲ್ಲಿ ಮುಖವಿಟ್ಟು ಅತ್ತೆ. ನಿನಗೆ ಥ್ಯಾಂಕ್ಸ್ ಹೇಳಿದೆ. ನೀನು ನನ್ನ ತಲೆ ಸವರುತ್ತಾ, "ಶ್, ಶ್" ಅಂದೆ.

ಇದಾಗಿ ಕೆಲವು ದಿನಗಳ ಮೇಲೆ ಸೈಕಲ್ಲಿಗೆ ಗಾಳಿ ಹಾಕಿಸಲು ಹಾರ್ಮ್‌ನ ಬಂಕಿಗೆ ಹೋದೆ. ಅವನಿಗೆ ಬೈಯಲು ಯಾರಾದರೂ ಬೇಕಾಗಿತ್ತು.

"ಏನೋ ಪೀಪಾಯಿ, ಕೊನೇ ಗಳಿಗೇಲಿ ಹಾಳು ಮಾಡ್ಕೊಂಡೆಯಂತೆ? ಪಾಪ ಆ ಹುಡುಗಿ, ಹಿಂದಿನ ದಿನವೇ ಬಂದು ಟ್ಯಾಂಕ್ ತುಂಬಿಸಿ, ಟೈರು ನೋಡಿಸಿ, ಗಾಜು ಒರೆಸಿಕೊಂಡು ಹೋಗಿದ್ಲು. 'ನಾಳೆ ನನ್ನ ಗಂಡಂದು ಕೊನೇ ಟೆಸ್ಟು, ಹಿಮ ಬೇರೆ' ಅಂತ. ಅಂಥ ಹೆಂಡ್ತಿ ಇಟ್ಕೊಂಡು ನೀನು..."

ಅವನು ಇನ್ನೂ ಏನೇನೋ ಹೇಳುತ್ತಿದ್ದ. ನಾನು ಟೈರಿನ ಬಾಯಿ ಮುಚ್ಚುವುದನ್ನು ಮರೆತು ಮನೆಗೆ ಬಂದೆ.

ನೀನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ನಾನು ಬಾಗಿಲಲ್ಲೇ ನಿಂತು, "ನೀನು ಮರೆತಿರ್ಲಿಲ್ಲ" ಅಂದೆ. ಸುಳ್ಳು ಹೇಳುತ್ತೀಯ ಎಂದುಕೊಂಡಿದ್ದೆ. ಸುಳ್ಳು ಹೇಳಿದ್ದರೆ, ದೇವರಾಣೆ, ನಂಬಿಬಿಡುತ್ತಿದ್ದೆ. ನಂಬಲು ತಯಾರಾಗಿಯೇ ಬಂದಿದ್ದೆ. ನೀನು ಚಾಕು ಕೆಳಗಿಡದೆ, "ಇಲ್ಲ, ಮರೆತಿರ್ಲಿಲ್ಲ" ಅಂದೆ.

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀಯಾ? ನಿಂಗೆ ಲೈಸೆನ್ಸ್ ಇದ್ದಾಗ ವಾರದಲ್ಲಿ ಐದು ರಾತ್ರಿ ಲಾರೀಲಿ, ಎರಡು ರಾತ್ರಿ ಬಾರಲ್ಲಿ. ನಾನು ಮದುವೆ ಆಗಿದ್ದು ನಿನ್ನ ಒಗೆಯೋ ಬಟ್ಟೆ ಮೂಟೇನ. ಈಗ ಸಂಜೆ ಆದ್ರೆ ಬಾಗಿಲು ತೆಕ್ಕೊಂಡು ಒಬ್ಬ ಮನುಷ್ಯ ಒಳಗೆ ಬರ್ತಾನೆ. ಚಪ್ಪಲಿ ಬಿಡ್ತಾನೆ. ಏನಡುಗೆ ಅಂತಾನೆ. ಕೊಳೆತು ನಾರ್ತಿದ್ದವನನ್ನ ತೊಳೆದು ತೊಳೆದು ಇವನನ್ನ ಮಾಡ್ಕೊಂಡೋಳು ನಾನು. ಇವನನ್ನ ಆ ಹೆಂಗಸಿನ ಲೋಟಕ್ಕೆ ಉಚ್ಚೆ ಹೊಯ್ಸಿ ರೋಡಿಗೆ ಕಳಿಸಿಬಿಡ್ಲಾ?"

"ಹೋಗಬೇಡ ಅಂತ ಹೇಳಬಹುದಿತ್ತಲ್ಲ."

"ಹೇಳಿದ್ರೆ ಇರ್ತಿದ್ದೆಯಾ?"

ಇರುತ್ತಿರಲಿಲ್ಲ. ಅದು ನಿನಗೂ ಗೊತ್ತಿತ್ತು. ನೀನು ಮುಂದಿನ ಆಲೂಗಡ್ಡೆ ಕೈಗೆ ತೆಗೆದುಕೊಂಡು, "ಮುಂದಿನ ವರ್ಷಾನೂ ಟೀ ಇರುತ್ತೆ, ಎನ್ನೋ" ಅಂದೆ. ತಮಾಷೆಗೆ ಅಂದೆಯೋ ಏನೋ. ನಿನ್ನ ಚಾಕು ಆಲೂಗಡ್ಡೆಯ ಮೇಲೆ ನಿಂತುಬಿಟ್ಟಿತ್ತು. ಅದನ್ನು ನೋಡಿಯೂ ನಾನು ಒಳಗೆ ಹೋಗಿ ಚೀಲ ತುಂಬಿದೆ.

ಆಮೇಲೆ ನಡೆದದ್ದನ್ನು ಕಾಲುವೆಯ ಆ ದಡ ಈ ದಡ ಎರಡೂ ಕಡೆಯವರು ಕಿಟಕಿಯಲ್ಲಿ ನಿಂತು ನೋಡಿದರು. ನಾನು ಸೈಕಲ್ ಮೇಲೆ, ಬೆನ್ನಿಗೆ ಚೀಲ, ಎದುರುಗಾಳಿ. ಹಿಂದಿನ ಚಕ್ರದಲ್ಲಿ ಅರ್ಧ ಗಾಳಿ. ನೀನು ಪಕ್ಕದಲ್ಲೇ ಕಾರಿನಲ್ಲಿ, ಕಿಟಕಿ ಇಳಿಸಿಕೊಂಡು, ನನ್ನ ವೇಗಕ್ಕೆ ಸರಿಯಾಗಿ.

"ಹತ್ತು ಕಾರು. ನಂಗೆ ಲೈಸೆನ್ಸ್ ಇದೆ, ನಿಂಗಿಲ್ಲ. ಹತ್ತು, ಎಲ್ಲಿ ಬೇಕೋ ಅಲ್ಲಿಗೆ ಬಿಡ್ತೀನಿ."

ನಾನು ತುಳಿದೆ.

"ಎಲ್ಲಿಗೆ ಹೋಗ್ತಿದ್ದೀಯ ಗೊತ್ತು. ಆ ಮುದುಕ ಫೋಕ್ಕೋ ಹತ್ರ. ಇಬ್ರು ಕುಡುಕರು ಒಂದು ಮನೇಲಿ, ಎಷ್ಟು ದಿನ ಅಂತ ನೋಡೋಣ. ಕುಡಿ, ಎನ್ನೋ. ಹೋಗಿ ಚೆನ್ನಾಗಿ ಕುಡಿ. ಕುಡಿದು ಬಿದ್ದು ವಾಪಸ್ ಬಾ. ನಾನು ಮತ್ತೆ ತೊಳೀತೀನಿ. ನಂಗೇನು ಬೇಜಾರಿಲ್ಲ."

ಹಿಂದೆ ಒಂದು ಟ್ರ್ಯಾಕ್ಟರ್ ಬಂದು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಅವನಿಗೂ ನೀನು ಬೈದೆ. ನಾನು ಆ ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ನಿನ್ನ ಕೈಯಿಂದ ಇನ್ನು ನೀರೂ ಮುಟ್ಟಲ್ಲ." ನಿನ್ನ ಕಾರು ಗಕ್ಕನೆ ನಿಂತಿತು. ನಾನು ತಿರುಗಿ ನೋಡಲಿಲ್ಲ. ಎಂಜಿನ್ ಆಫ್ ಆದ ಸದ್ದು ಮಾತ್ರ ಕೇಳಿತು. ಟ್ರ್ಯಾಕ್ಟರಿನವನು ಕೂಡ ಹಾರ್ನ್ ನಿಲ್ಲಿಸಿದ.

ಫೋಕ್ಕೋ ಗೊತ್ತಲ್ಲ, ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯವನು. ಅವನ ಮನೆಯಲ್ಲೇ ಇದ್ದೇನೆ. ನೀನು ಹೇಳಿದ್ದು ಸುಳ್ಳಾಯಿತು, ಇಬ್ಬರೂ ಕುಡಿದಿಲ್ಲ. ಮುದುಕನಿಗೆ ಇನ್ನು ಲೈಸೆನ್ಸ್ ಬೇಡವಂತೆ, ಯಾರಾದರೂ ಕೂರಿಸಿಕೊಂಡು ಸಮುದ್ರ ತೋರಿಸಿದರೆ ಸಾಕಂತೆ. ತೋರಿಸಿದೆ. "ನೀರು ಹಿಂದಕ್ಕೆ ಹೋಗಿರೋ ಹೊತ್ತಿಗೇ ಕರ್ಕೊಂಡು ಬಂದಿದ್ದೀಯಲ್ಲೋ, ಬರೀ ಕೆಸರು" ಎಂದು ಬೈದ.

ಎರಡನೆಯ ವರ್ಷ ಮೊದಲನೆಯದರ ಹಾಗೆಯೇ ಕಳೆಯಿತು, ಚಹಾ ಇಲ್ಲದೆ. ನಾನು ಈಗ ಕಾಫಿ ಕುಡಿಯುತ್ತೇನೆ. ಊರಿನಲ್ಲಿ ಹೇಳಬೇಡ, ಬಂದೂಕು ಕ್ಲಬ್ಬಿನಿಂದ ಹೆಸರು ತೆಗೆದುಹಾಕುತ್ತಾರೆ. ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು. ಕೊನೆಗೆ ಉಳಿದದ್ದು ಮನಸ್ಸಿನ ಡಾಕ್ಟರ ಎದುರು ಕೂತು ಮಾತಾಡುವುದು. ಅದೇ ಎಲ್ಲರೂ ಬೀಳುವ ಜಾಗ. ಹಿಂದಿನ ದಿನ ಫೋಕ್ಕೋ ನನ್ನನ್ನು ಎದುರಿಗೆ ಕೂರಿಸಿಕೊಂಡ.

"ಮೊದಲ ವರ್ಷ ಯಾಕೆ ಕೆಟ್ಟಿತು ಅಂತ ಕೇಳೇ ಕೇಳ್ತಾರೆ. ಏನಂತೀಯ?"

"ಹೆಂಡತಿ ಬೇಕೂಂತ..."

"ಮುಗೀತು. ಎದ್ದು ಮನೆಗೆ ಬಾ. ಲೋ, ಹೆಂಡ್ತಿ ಅಂತ ಬಾಯಿಬಿಟ್ಟೆಯೋ ಲೈಸೆನ್ಸ್ ಹೋಯ್ತು. ಅಲ್ಲಿಗೆ ಹೋಗೋ ಪ್ರತಿಯೊಬ್ಬ ಕುಡುಕನೂ ಹೆಂಡ್ತೀನೇ ದೂರೋದು. ಆ ಕುರ್ಚಿ ಮೇಲೆ ಕೂತಾಗ ತಪ್ಪೆಲ್ಲ ನಿಂದೇ. ಮಳೆ ಬಂದ್ರೂ ನಿಂದೇ."

"ಆದರೆ ತಪ್ಪು ಅವಳದು."

"ನಿಜ ಬೇಕಾ, ಲಾರಿ ಬೇಕಾ?"

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮೃದುವಾಗಿ ಮಾತಾಡುವವಳು. "ಆ ಸ್ಯಾಂಪಲ್ ತೆಳ್ಳಗಾಗಿತ್ತಲ್ಲ, ಅದಕ್ಕೆ ಯಾರು ಕಾರಣ ಅಂತ ನಿಮಗನ್ನಿಸುತ್ತೆ?" ಎಂದು ಕೇಳಿದಳು.

"ನಾನೇ ಮೇಡಂ. ಒಂದ್ಸಲ ಎಚ್ಚರಿಕೆ ಕೊಟ್ಟಿದ್ರು, ಆದ್ರೂ ಟೀ ಕುಡಿದೆ."

"ಮನೆಯಲ್ಲಿ ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಇಲ್ಲ ಮೇಡಂ."

"ಆಗ ಹೆಂಡತಿ ಜೊತೆಗಿದ್ರು, ಈಗಿಲ್ಲ. ಯಾಕೆ?"

"ನಾನು ಬಿಟ್ಟು ಬಂದೆ. ಅವಳದ್ದೇನೂ ತಪ್ಪಿಲ್ಲ. ನನ್ನನ್ನ ಉಳಿಸಿದೋಳು ಅವಳು."

ಅವಳು ಮೆಚ್ಚಿಕೊಂಡು ತಲೆಯಾಡಿಸಿದಳು. ಬೇರೆಯವರ ಮೇಲೆ ತಪ್ಪು ಹಾಕದೆ ತನ್ನದನ್ನು ತಾನು ಒಪ್ಪಿಕೊಳ್ಳುವುದೇ ನಿಜವಾಗಿ ಬದಲಾದವನ ಗುರುತಂತೆ. ಕೈಕುಲುಕಿ ಕಳಿಸಿದಳು. ನಾನು ಹೊರಗೆ ಬಂದು ಗೋಡೆಯ ಪಕ್ಕದಲ್ಲಿ ವಾಂತಿ ಮಾಡಿಕೊಂಡೆ. ನೀನು ಮಾಡಿದ್ದನ್ನು ನನ್ನದೆಂದು ಒಪ್ಪಿಕೊಂಡು ತಂದ ಲೈಸೆನ್ಸ್ ಇದು, ಇಮ್ಕೆ. ಬೇಕಾದರೆ ಇದರಲ್ಲಿ ನಿನಗೂ ಅರ್ಧ ಪಾಲಿದೆ.

ಈಗ ನಾನು ಸುಖವಾಗಿದ್ದೇನೆ. ನಿನಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದರೆ ಒಂದು ದೇಶ, ಮಲಗುವಾಗ ಇನ್ನೊಂದು. ಏನಡುಗೆ ಎಂದು ಯಾರನ್ನೂ ಕೇಳಬೇಕಿಲ್ಲ. ಡ್ರೈವರುಗಳು ವೋಡ್ಕಾ ಬಾಟಲಿ ಮುಂದೆ ಹಿಡಿದರೆ ಬೇಡ ಎನ್ನುತ್ತೇನೆ, ಅವರು ಮತ್ತೆ ಕೇಳುವುದಿಲ್ಲ. ಒಂದು ಸಲ ಬೇಡ ಎಂದರೆ ಬೇಡ ಎಂದು ಒಪ್ಪಿಕೊಳ್ಳುವ ಜನ ಇದ್ದಾರೆ ಎಂದು ಇಲ್ಲಿ ಬಂದ ಮೇಲೆ ತಿಳಿಯಿತು. ಹೆಂಡತಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಮದುವೆಯಾಗಿಲ್ಲ ಎನ್ನುತ್ತೇನೆ. ಅದನ್ನು ಹೇಳುವುದು ಈಗ ಅಭ್ಯಾಸವಾಗಿದೆ.

ಈರುಳ್ಳಿಯವನು ಕರೆಯುತ್ತಿದ್ದಾನೆ, ತಟ್ಟೆ ತಣ್ಣಗಾಗುತ್ತದಂತೆ. ಭಾರ ಎತ್ತಬೇಡ. ಮನೆಯ ಹಿಂದಿನ ಮೋರಿಯನ್ನು ಹಿಮ ಬೀಳುವ ಮೊದಲೇ ತೆಗೆಸು, ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ನೀನು ಚೆನ್ನಾಗಿರಬೇಕು. ನಾನಿಲ್ಲದೆ ಚೆನ್ನಾಗಿರಬೇಕು ಎಂದು ಬರೆಯಲು ಹೊರಟಿದ್ದೆ, ಇಷ್ಟೇ ಸಾಕು.

ಎನ್ನೋ

ಮತ್ತೆ ಬರೆದದ್ದು: ಪ್ರತಿ ಗುರುವಾರ ಬೆಳಿಗ್ಗೆ ನಾನು ಬಂದರಿನಲ್ಲಿ ಸರಕು ತುಂಬಿಕೊಂಡು ನಮ್ಮ ಊರ ಪಕ್ಕದ ಹೆದ್ದಾರಿಯಲ್ಲೇ ಬರುತ್ತೇನೆ. ಹಾರ್ಮ್ ನಿನಗೆ ಹೇಳಿರಬೇಕು. ಜುಲೈಯಿಂದ ಪ್ರತಿ ಗುರುವಾರ ಮೇಲಿನ ಸೇತುವೆಯ ಮೇಲೆ ನೀನು ಹಳದಿ ರೇನ್‌ಕೋಟು ಹಾಕಿಕೊಂಡು ನಿಂತಿರುವುದನ್ನು ನೋಡಿದ್ದೇನೆ. ಮೊದಲ ಸಲ ನೀನು ಕೈಯೆತ್ತಿದೆ. ನನ್ನ ಕೈ ಹಾರ್ನಿನ ಮೇಲಿತ್ತು, ತೆಗೆದೆ. ಆಮೇಲಿನಿಂದ ಬೇಕೆಂದೇ, ನಿನಗೆ ಕಾಣಲಿ ಎಂದೇ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ನೇರ ಮುಂದೆ ನೋಡುತ್ತಾ ನಿನ್ನ ಕೆಳಗೆ ಹಾದುಹೋದೆ. ಅದಕ್ಕಾಗಿ ಬುಧವಾರವೇ ಗಡ್ಡ ಬೋಳಿಸಿಕೊಂಡು ಒಳ್ಳೆಯ ಶರ್ಟು ತೆಗೆದಿಡುತ್ತಿದ್ದೆ. ಈ ತಿಂಗಳು ನೀನು ಬಂದೇ ಇಲ್ಲ. ಮಳೆಗೆ ಬರಲಿಲ್ಲವೋ, ಕಾಯಿಲೆಯೋ, ಸಾಕಾಯಿತೋ, ಹಾರ್ಮ್‌ನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮೊನ್ನೆ ಗುರುವಾರ ಖಾಲಿ ಸೇತುವೆಗೆ ಹಾರ್ನ್ ಒತ್ತಿದೆ. ಸೇತುವೆ ದಾಟಿದ ಮೇಲೂ ಕೈ ತೆಗೆಯಲಾಗಲಿಲ್ಲ. ಮುಂದಿದ್ದ ಕಾರಿನವನು ಬೆದರಿ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟುಕೊಟ್ಟ.